ಪ್ರಶಸ್ತಿ ಯಾವುದಕ್ಕೆ ಕೊಡಬೇಕು, ವಿಷಯಕ್ಕಾ ಸಿನಿಮಾಗಾ?

ಮೊದಲ ಸಲ ಜ್ಯೂರಿ

ಎಲ್ಲರಿಗೂ ನಮಸ್ಕಾರ. ಮಾನವ ಹಕ್ಕುಗಳ ಸಾಕ್ಷ್ಯಚಿತ್ರೋತ್ಸವ ಒಂದಕ್ಕೆ ಜ್ಯೂರಿಯಾಗಿ ಬನ್ನಿ ಅಂತ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಉತ್ಸವದ ಹೆಸರು ಹೇಳುವ ಹಾಗಿಲ್ಲ. ನಾವು ಐದು ಜನ. ಇಬ್ಬರು ನಿರ್ದೇಶಕರು, ಒಬ್ಬರು ವಕೀಲರು, ಒಬ್ಬರು ಪತ್ರಕರ್ತರು, ಜೊತೆಗೆ ನಾನು. ನಾನು ಸಿನಿಮಾ ಬಗ್ಗೆ ಬರೆಯುವವನು, ಅಷ್ಟೇ.

ನಮಗೆ ಕೊಟ್ಟಿರುವ ಸೂಚನೆ ಒಂದೇ ಪುಟ. ಕಲೆಯ ಗುಣಮಟ್ಟವನ್ನೂ ನೋಡಿ, ಮಾನವ ಹಕ್ಕಿನ ದೃಷ್ಟಿಯಿಂದ ಚಿತ್ರಕ್ಕಿರುವ ಮಹತ್ವವನ್ನೂ ನೋಡಿ ಅಂತಿದೆ. ಎರಡೂ ಒಂದೇ ಚಿತ್ರದಲ್ಲಿ ಸಿಗದಿದ್ದರೆ ಏನು ಮಾಡಬೇಕು ಅನ್ನುವುದು ಎಲ್ಲೂ ಇಲ್ಲ. ಪಟ್ಟಿಯಲ್ಲಿರುವ ಒಂದು ಚಿತ್ರ ಬಂಧನದಲ್ಲಿ ಚಿತ್ರಹಿಂಸೆ ಅನುಭವಿಸಿದವರ ಬಗ್ಗೆ. ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಸಿನಿಮಾ ಆಗಿ ಸಾಧಾರಣ. ಒಬ್ಬರಾದ ಮೇಲೆ ಒಬ್ಬರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ, ಹಿಂದೆ ಪಿಟೀಲು ಅಳುತ್ತಿರುತ್ತದೆ. ಇನ್ನೊಂದು ಚಿತ್ರ ಮಾಲೀಕರು ಬಾಡಿಗೆ ಮನೆ ಖಾಲಿ ಮಾಡಿಸಿದ ಒಂದು ಕುಟುಂಬದ್ದು. ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ ಅಂದರೆ ಒಂದು ಶಾಟ್ ಕೂಡ ತೆಗೆಯುವ ಹಾಗಿಲ್ಲ. ಇವೆರಡರಲ್ಲಿ ಒಂದನ್ನು ಆರಿಸಿ ಅಂದರೆ ಹೇಗೆ? ಹಿಂದೆ ಜ್ಯೂರಿಯಲ್ಲಿ ಕೂತವರು, ಉತ್ಸವ ನಡೆಸಿದವರು ಇದ್ದರೆ ಹೇಳಿ.

ಆಯ್ಕೆ ಸಮಿತಿಯವಳು

ನಿಮ್ಮ ಗೊಂದಲ ಹೊಸದಲ್ಲ. ಈ ಬಗೆಯ ಉತ್ಸವಗಳೆಲ್ಲ ಇದನ್ನು ಎದುರಿಸಿವೆ. ಒಂದೊಂದು ಕಡೆ ಒಂದೊಂದು ದಾರಿ ಹುಡುಕಿಕೊಂಡಿದ್ದಾರೆ.

ಪ್ರಾಗ್‌ನಲ್ಲಿ 1999ರಿಂದ ನಡೆಯುತ್ತಿರುವ 'ಒನ್ ವರ್ಲ್ಡ್' ನೋಡಿ. 'ಪೀಪಲ್ ಇನ್ ನೀಡ್' ಅನ್ನುವ ಸಂಸ್ಥೆ ನಡೆಸುವ ಉತ್ಸವ ಅದು. ಅಲ್ಲಿ ಮುಖ್ಯ ಸ್ಪರ್ಧೆಗೆ ಒಂದು ಜ್ಯೂರಿ. ಮಾನವ ಹಕ್ಕುಗಳ ರಕ್ಷಣೆಗೆ ದೊಡ್ಡ ಕೊಡುಗೆ ಕೊಟ್ಟ ಚಿತ್ರವನ್ನು ಆರಿಸಲು ಬೇರೆಯೇ ಒಂದು ಜ್ಯೂರಿ, ಜೆಕ್ ಲೇಖಕ, ಅಧ್ಯಕ್ಷರಾಗಿದ್ದ ವಾಟ್ಸ್ಲಾವ್ ಹಾವೆಲ್ ಹೆಸರಿನಲ್ಲಿ. ಆ ಎರಡನೆಯದರಲ್ಲಿ ಕೂರುವವರು ಹಕ್ಕುಗಳ ಕ್ಷೇತ್ರದಲ್ಲೇ ಕೆಲಸ ಮಾಡುವವರು. ವಿದ್ಯಾರ್ಥಿಗಳ ಜ್ಯೂರಿಯೂ ಇದೆ. ಇದಲ್ಲದೆ 'ಹೋಮೋ ಹೋಮಿನಿ' ಅಂತ ಒಂದು ಪ್ರಶಸ್ತಿ, ಅದು ಚಿತ್ರಕ್ಕಲ್ಲ, ಹೋರಾಟ ಮಾಡಿದ ಮನುಷ್ಯರಿಗೆ. 2008ರದ್ದು ಚೀನಾದ ಲಿಯು ಶಿಯಾಬೊ ಮತ್ತು ಪ್ರಜಾಪ್ರಭುತ್ವ ಕೇಳಿದ 'ಚಾರ್ಟರ್ 08' ಮನವಿಗೆ ಸಹಿ ಹಾಕಿದವರಿಗೆ ಹೋಯಿತು. ಅಂದರೆ ಧೈರ್ಯಕ್ಕೆ ಒಂದು, ಕಲೆಗೆ ಒಂದು ಅಂತ ಬೇರೆ ಬೇರೆ ಮಾಡಿಟ್ಟಿದ್ದಾರೆ.

ಜಿನೀವಾದ ಉತ್ಸವ ಶುರುವಾಗಿದ್ದು 2003ರಲ್ಲಿ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ಅಧಿವೇಶನ ನಡೆಯುವ ಹೊತ್ತಿಗೇ ಇದನ್ನೂ ಇಟ್ಟುಕೊಳ್ಳುತ್ತಾರೆ. ಅಲ್ಲಿ ಚಿತ್ರದಷ್ಟೇ ಮುಖ್ಯ ಅದಾದ ಮೇಲಿನ ಚರ್ಚೆ. ಇನ್ನು ನ್ಯೂಯಾರ್ಕಿನಲ್ಲಿ 1988ರಲ್ಲಿ ಶುರುವಾದ ಹ್ಯೂಮನ್ ರೈಟ್ಸ್ ವಾಚ್ ಉತ್ಸವ ಸ್ಪರ್ಧೆಗೆ ಅಷ್ಟಾಗಿ ತಲೆ ಕೆಡಿಸಿಕೊಂಡಿದ್ದಿಲ್ಲ. ಛಾಯಾಗ್ರಾಹಕ ನೆಸ್ಟರ್ ಅಲ್ಮೆಂಡ್ರೋಸ್ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತಿದ್ದರು, ಚಿತ್ರ ಮಾಡುವಾಗ ತೋರಿದ ಧೈರ್ಯಕ್ಕೆ.

ನಿಮ್ಮಲ್ಲಿ ಒಂದೇ ಪ್ರಶಸ್ತಿ ಇದ್ದರೆ ಕಷ್ಟವೇ. ಮೊದಲ ಸಭೆಯಲ್ಲೇ ಐದೂ ಜನ ಯಾವುದಕ್ಕೆ ಎಷ್ಟು ತೂಕ ಅಂತ ಮಾತಾಡಿಕೊಳ್ಳಿ, ಚಿತ್ರ ನೋಡುವ ಮುಂಚೆ. ನೋಡಿದ ಮೇಲೆ ಮಾತಾಡಿದರೆ ಎಲ್ಲರೂ ತಮಗೆ ಇಷ್ಟವಾದ ಚಿತ್ರಕ್ಕೆ ಹೊಂದುವ ಅಳತೆಯನ್ನೇ ತರುತ್ತಾರೆ.

ಎಡಿಟಿಂಗ್ ಟೇಬಲ್

ನನ್ನ ಮಟ್ಟಿಗೆ ಉತ್ತರ ಸುಲಭ. ಸಿನಿಮಾಗೆ ಕೊಡಿ.

ವಿಷಯ ಮುಖ್ಯ ಅಂತ ಆಯ್ಕೆ ಸಮಿತಿ ಆಗಲೇ ತೀರ್ಮಾನಿಸಿದೆ. ಅದಕ್ಕೇ ತಾನೇ ಆ ಚಿತ್ರ ಪಟ್ಟಿಯಲ್ಲಿರೋದು? ಅಲ್ಲಿಂದ ಮುಂದೆ ಜ್ಯೂರಿ ಮತ್ತೆ ವಿಷಯವನ್ನೇ ತೂಗಲು ಹೊರಟರೆ ಏನು ಮಾಡಿದ ಹಾಗಾಯಿತು? ಚಿತ್ರಹಿಂಸೆ ದೊಡ್ಡದೋ, ಮನೆ ಕಳೆದುಕೊಂಡಿದ್ದು ದೊಡ್ಡದೋ ಅಂತ ನೋವಿಗೆ ರ‍್ಯಾಂಕ್ ಕೊಟ್ಟ ಹಾಗೆ. ಹಕ್ಕುಗಳ ಹೆಸರಿನ ಉತ್ಸವದಲ್ಲಿ ಅದಕ್ಕಿಂತ ಕೆಟ್ಟ ಕೆಲಸ ಇಲ್ಲ.

ಇನ್ನೊಂದು ಮಾತು. ವಿಷಯ, ಕಲೆ ಅಂತ ಎರಡು ಡಬ್ಬಿ ಮಾಡುವುದೇ ನನಗೆ ಸರಿ ಕಾಣಲ್ಲ. 2020ರ 'ವೆಲ್‌ಕಮ್ ಟು ಚೆಚನ್ಯಾ' ನೋಡಿದವರಿಗೆ ಗೊತ್ತಿರುತ್ತದೆ. ರಷ್ಯಾದ ಚೆಚನ್ಯಾದಿಂದ ಜೀವ ಉಳಿಸಿಕೊಂಡು ಓಡಿಬಂದ ಸಲಿಂಗಿಗಳ ಮುಖ ತೋರಿಸಿದರೆ ಅವರಿಗೆ ಅಪಾಯ. ಮಸುಕು ಮಾಡಿದರೆ ಅವರ ಭಯ, ನಗು ಯಾವುದೂ ಕಾಣಲ್ಲ. ಹಾಗಾಗಿ ಸ್ವಯಂಸೇವಕರ ಮುಖಗಳನ್ನು ಡಿಜಿಟಲ್ ಆಗಿ ಅವರ ಮೇಲೆ ಕೂರಿಸಿದರು. ಅವರಲ್ಲಿ ಒಬ್ಬರು ಬಹಿರಂಗವಾಗಿ ದೂರು ಕೊಡಲು ಮುಂದೆ ಬಂದ ಗಳಿಗೆಯಲ್ಲಿ ಆ ಮುಖ ಕರಗಿ ನಿಜವಾದ ಮುಖ ಬರುತ್ತದೆ. ಇದು ರಕ್ಷಣೆಯಾ, ಕಲೆಯಾ? ಬಿಡಿಸಿ ಹೇಳಿ ನೋಡೋಣ.

ಆ ಪಿಟೀಲಿನ ಚಿತ್ರ ಇದೆಯಲ್ಲ, ಅದು ನಿಮಗೆ ಇಷ್ಟವಾಗದ್ದಕ್ಕೂ ಕಾರಣ ಇರಬಹುದು. ಮಾತಾಡುವವರ ಮೇಲೆ ನಿರ್ದೇಶಕರಿಗೆ ನಂಬಿಕೆ ಇಲ್ಲ. ಅವರ ಮಾತು ಸಾಲದು ಅಂತ ಸಂಗೀತ ಹಾಕಿದ್ದಾರೆ.

ಕೊನೇ ಸಾಲಿನ ಪ್ರೇಕ್ಷಕ

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲ ತಲೆ ಕೆಡಿಸಿಕೊಂಡು ಕೊಡುವ ಪ್ರಶಸ್ತಿಯಿಂದ ಚಿತ್ರದಲ್ಲಿರುವವರಿಗೆ ಏನು ಸಿಗುತ್ತೆ? ಪೋಸ್ಟರ್ ಮೇಲೆ ಎರಡು ಎಲೆಗಳ ಮಧ್ಯೆ ಉತ್ಸವದ ಹೆಸರು ಬರುತ್ತೆ. ಆಮೇಲೆ?

ಹಕ್ಕುಗಳ ವಕೀಲೆ

ಕೆಲವು ಸಲ ಪ್ರಚಾರ ಸಿಗುತ್ತದೆ. ಕೆಲವು ಸಲ ಅಪಾಯ ಸಿಗುತ್ತದೆ. ಎರಡೂ ಒಟ್ಟಿಗೆ ಬರುವುದೇ ಜಾಸ್ತಿ.

'ನೋ ಅದರ್ ಲ್ಯಾಂಡ್' ಉದಾಹರಣೆ ತಗೊಳ್ಳಿ. ವೆಸ್ಟ್ ಬ್ಯಾಂಕಿನ ಮಸಾಫರ್ ಯಟ್ಟಾ ಹಳ್ಳಿಗಳಲ್ಲಿ ಇಸ್ರೇಲಿ ಸೇನೆ ಮನೆಗಳನ್ನು ಕೆಡವುವುದರ ಬಗ್ಗೆ ಇರುವ ಚಿತ್ರ. ನಾಲ್ವರು ನಿರ್ದೇಶಕರು, ಇಬ್ಬರು ಪ್ಯಾಲೆಸ್ತೀನಿಯರು, ಇಬ್ಬರು ಇಸ್ರೇಲಿಗಳು. 2024ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿ ಬಂತು, ಪ್ರೇಕ್ಷಕರ ಪ್ರಶಸ್ತಿಯೂ ಬಂತು. ವೇದಿಕೆಯ ಮೇಲೆ ಆಡಿದ ಮಾತಿಗೆ ಜರ್ಮನಿಯ ಕೆಲವು ರಾಜಕಾರಣಿಗಳು ಯಹೂದಿ ದ್ವೇಷದ ಹಣೆಪಟ್ಟಿ ಹಚ್ಚಿದರು. ಮಾತಾಡಿದ ನಿರ್ದೇಶಕ ಯುವಾಲ್ ಅಬ್ರಹಾಂ ಸ್ವತಃ ಯಹೂದಿ. ಅವರಿಗೆ ಕೊಲೆ ಬೆದರಿಕೆ ಬಂತು. 2025ರ ಮಾರ್ಚ್‌ನಲ್ಲಿ ಆಸ್ಕರ್ ಬಂತು. ಆಗಲೂ ಅಮೆರಿಕದಲ್ಲಿ ಚಿತ್ರಕ್ಕೆ ವಿತರಕರು ಇರಲಿಲ್ಲ. ಅದೇ ತಿಂಗಳು ನಿರ್ದೇಶಕರಲ್ಲಿ ಒಬ್ಬರಾದ ಹಮ್ದಾನ್ ಬಲ್ಲಾಲ್ ಮೇಲೆ ಅವರ ಹಳ್ಳಿಯಲ್ಲೇ ಹಲ್ಲೆ ಆಯಿತು. ಸೇನೆ ಅವರನ್ನು ಹಿಡಿದಿಟ್ಟುಕೊಂಡು ಮರುದಿನ ಬಿಟ್ಟಿತು. ಪ್ರಶಸ್ತಿ ಕವಚ ಆಗುತ್ತದೆ ಅಂತ ನಂಬಿದವರು ಇದನ್ನು ನೆನಪಿಟ್ಟುಕೊಳ್ಳಲಿ. ಆದರೆ ಆ ಒಂದು ರಾತ್ರಿಯ ಬಂಧನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿದ್ದೂ ಆಸ್ಕರ್ ಹೆಸರಿನಿಂದಲೇ.

ಉತ್ಸವಗಳ ಕೈಯಲ್ಲಿ ಎಷ್ಟಿದೆ ಅನ್ನುವುದಕ್ಕೆ ಇನ್ನೊಂದು. ಇರಾನಿನ ನಿರ್ದೇಶಕ ಜಾಫರ್ ಪನಾಹಿ ಅವರಿಗೆ 2010ರ ಡಿಸೆಂಬರ್‌ನಲ್ಲಿ ಆರು ವರ್ಷ ಜೈಲು, 20 ವರ್ಷ ಸಿನಿಮಾ ಮಾಡಬಾರದು ಅಂತ ಶಿಕ್ಷೆ ಆಯಿತು. ಬರ್ಲಿನ್ ಉತ್ಸವ 2011ರ ಜ್ಯೂರಿಗೆ ಅವರನ್ನು ಕರೆದಿತ್ತು. ಅವರು ಬರಲಾಗಲಿಲ್ಲ. ಉತ್ಸವದವರು ಅವರ ಜಾಗಕ್ಕೆ ಬೇರೆಯವರನ್ನು ಹಾಕದೆ ಕುರ್ಚಿ ಖಾಲಿ ಬಿಟ್ಟರು. ಶಿಕ್ಷೆ ಅದರಿಂದ ಕಡಿಮೆ ಆಗಲಿಲ್ಲ. ಆದರೂ ಅದು ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಎಡಿಟಿಂಗ್ ಟೇಬಲ್

ಹಾಗಾದರೆ ಅಪಾಯ ಇದೆ ಅಂತ ಜ್ಯೂರಿ ಪ್ರಶಸ್ತಿಯನ್ನೇ ತಪ್ಪಿಸಬೇಕಾ? ಅದು ಬೆದರಿಸುವವರಿಗೆ ಸಿಕ್ಕ ಗೆಲುವು.

ಹಕ್ಕುಗಳ ವಕೀಲೆ

ಇಲ್ಲ, ತಪ್ಪಿಸಬಾರದು. ಘೋಷಿಸುವ ಮುಂಚೆ ಕೇಳಬೇಕು. ಹೆಸರು ಹಾಕಬಹುದಾ, ಫೋಟೋ ಹಾಕಬಹುದಾ, ವೇದಿಕೆಗೆ ಬರುತ್ತೀರಾ ಅಂತ. ಇಂಡೋನೇಷ್ಯಾದ ಸಾಮೂಹಿಕ ಕೊಲೆಗಳ ಬಗ್ಗೆ 2012ರಲ್ಲಿ ಬಂದ 'ದಿ ಆ್ಯಕ್ಟ್ ಆಫ್ ಕಿಲ್ಲಿಂಗ್' ಕೊನೆಯ ಹೆಸರುಪಟ್ಟಿ ನೋಡಿ. ಇಂಡೋನೇಷ್ಯಾದ ತಂಡದವರಲ್ಲಿ ಎಷ್ಟೋ ಜನ 'ಅನಾಮಿಕ' ಅಂತಲೇ ಇದ್ದಾರೆ, ಸಹ ನಿರ್ದೇಶಕರೊಬ್ಬರೂ ಸೇರಿ. ಪ್ರಶಸ್ತಿ ಬಂದಾಗ ವೇದಿಕೆ ಹತ್ತಿದ್ದು ಹೆಸರಿದ್ದವರು ಮಾತ್ರ.

ಕ್ಯಾಮೆರಾ ಮುಂದೆ ಕೂತವಳು

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ನಿರ್ದೇಶಕರಿಗೆ ಏನಾಗುತ್ತದೆ ಅಂತಲೇ ಮಾತಾಡುತ್ತಿದ್ದೀರಿ. ನಾನು ಒಂದು ಸಾಕ್ಷ್ಯಚಿತ್ರದಲ್ಲಿ ಇದ್ದವಳು. ಕೆಲಸದ ಜಾಗದಲ್ಲಿ ನನಗೆ ಆದ ಅನ್ಯಾಯದ ಬಗ್ಗೆ ಮಾತಾಡಿದ್ದೆ. ಯಾವ ಚಿತ್ರ ಅಂತ ಹೇಳಲ್ಲ, ಕೇಳಬೇಡಿ.

ಆ ಚಿತ್ರಕ್ಕೆ ಪ್ರಶಸ್ತಿ ಬಂತು. ನನಗೆ ಗೊತ್ತಾಗಿದ್ದು ಯಾರೋ ಕಳಿಸಿದ ಮೆಸೇಜ್ ನೋಡಿ. ಚಿತ್ರ ನೋಡಿದ್ದು ಅದಕ್ಕೂ ಆಮೇಲೆ. ಅದರಲ್ಲಿ ನಾನು ಅಳುವ ದೃಶ್ಯ ತುಂಬಾ ಹೊತ್ತು ಇದೆ. ದೂರು ಕೊಟ್ಟು, ಓಡಾಡಿ, ಕೇಸ್ ನಡೆಸಿದ ಭಾಗ ಎರಡು ಸಾಲಿನಲ್ಲಿ ಮುಗಿದಿದೆ. ಜ್ಯೂರಿ ಬರೆದ ಟಿಪ್ಪಣಿಯಲ್ಲಿ ಸೂಕ್ಷ್ಮವಾಗಿ, ಘನತೆಯಿಂದ ಚಿತ್ರಿಸಿದ್ದಾರೆ ಅಂತಿತ್ತು. ಯಾರ ಘನತೆ? ಆ ಐದಾರು ಜನರಲ್ಲಿ ಒಬ್ಬರಾದರೂ, ಈ ಹೆಂಗಸು ಈ ಚಿತ್ರ ನೋಡಿದ್ದಾಳಾ ಅಂತ ಕೇಳಬಹುದಿತ್ತು ಅಲ್ವಾ?

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೆ, ಹೌದು. ಶೂಟಿಂಗ್‌ನ ಮೊದಲ ದಿನ. ಚಿತ್ರ ಹೇಗಿರುತ್ತದೆ ಅಂತ ಆಗ ಅವರಿಗೇ ಗೊತ್ತಿರಲಿಲ್ಲ, ನನಗೆ ಹೇಗೆ ಗೊತ್ತಿರುತ್ತದೆ?

ಜ್ಯೂರಿಯವರೇ, ನೀವು ಪಿಟೀಲು ಚೆನ್ನಾಗಿಲ್ಲ ಅಂದಿರಿ. ಕುರ್ಚಿಯಲ್ಲಿ ಕೂತು ಮಾತಾಡಿದವರು ತಮಗೆ ಹಾಗೇ ಕೂತು ಮಾತಾಡಬೇಕು ಅಂತ ಕೇಳಿಕೊಂಡಿರಬಹುದು. ಕ್ಯಾಮೆರಾ ಮನೆಯೊಳಗೆ ಬರುವುದು ಬೇಡ ಅಂದಿರಬಹುದು. ಆಗ ಸಾಧಾರಣ ಚಿತ್ರವೇ ಹೆಚ್ಚು ಮರ್ಯಾದೆ ಕೊಟ್ಟ ಚಿತ್ರ ಆಗುತ್ತದೆ. ಅದು ಪರದೆಯ ಮೇಲೆ ಕಾಣಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಮೊದಲ ಸಲ ಜ್ಯೂರಿ

ಮೇಡಂ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ಚಿತ್ರದಲ್ಲಿ ಇರುವವರು ಪೂರ್ತಿ ಚಿತ್ರ ನೋಡಿದ್ದಾರಾ ಅಂತ ಸಂಘಟಕರಿಗೆ ಇವತ್ತೇ ಪತ್ರ ಬರೆದು ಕೇಳುತ್ತೇನೆ.

ಆಯ್ಕೆ ಸಮಿತಿಯವಳು

ಈ ವಿಷಯ ದೊಡ್ಡ ಉತ್ಸವಗಳನ್ನೂ ಬಿಟ್ಟಿಲ್ಲ. 'ರೈಟಿಂಗ್ ವಿತ್ ಫೈರ್' 2021ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಜ್ಯೂರಿಯ ವಿಶೇಷ ಪ್ರಶಸ್ತಿಯನ್ನೂ ಪಡೆಯಿತು. ದಲಿತ ಮಹಿಳೆಯರು ಕಟ್ಟಿದ 'ಖಬರ್ ಲಹರಿಯಾ' ಪತ್ರಿಕೆಯ ಬಗ್ಗೆ ಇರುವ ಚಿತ್ರ. 2022ರಲ್ಲಿ ಆಸ್ಕರ್ ಸಮಾರಂಭಕ್ಕೆ ಸ್ವಲ್ಪ ಮುಂಚೆ ಪತ್ರಿಕೆಯವರೇ ಒಂದು ಹೇಳಿಕೆ ಹೊರಡಿಸಿದರು. ಚಿತ್ರ ಮನಸ್ಸಿಗೆ ತಟ್ಟುತ್ತದೆ, ಆದರೆ ನಾವು ಒಂದು ಪಕ್ಷದ ಮೇಲೆ ಮಾತ್ರ ವರದಿ ಮಾಡುವವರ ಹಾಗೆ ಕಾಣುತ್ತೇವೆ, ಅದು ಸರಿಯಲ್ಲ ಅನ್ನುವುದು ಅದರ ಸಾರ. ಚಿತ್ರದ ನಿರ್ದೇಶಕರಿಗೆ ತಮ್ಮದೇ ನೋಟ ಇರುವ ಹಕ್ಕು ಇದೆ. ಆದರೆ ಈ ಮಾತು ಸನ್‌ಡಾನ್ಸ್ ಜ್ಯೂರಿಯ ಮುಂದೆ ಇದ್ದಿದ್ದರೆ ಅವರ ಚರ್ಚೆ ಬೇರೆ ರೀತಿ ನಡೆಯುತ್ತಿತ್ತೇನೋ.

2022ರಲ್ಲಿ ಅದೇ ಸನ್‌ಡಾನ್ಸ್‌ನಲ್ಲಿ 'ಜಿಹಾದ್ ರಿಹ್ಯಾಬ್' ಗಲಾಟೆ. ಅಮೆರಿಕದ ಗ್ವಾಂಟನಾಮೊ ಜೈಲಿನಲ್ಲಿ ಇದ್ದು ಬಂದವರು ಸೌದಿಯ ಪುನರ್ವಸತಿ ಕೇಂದ್ರದಲ್ಲಿ ಕೂತು ಮಾತಾಡುವ ಚಿತ್ರ. ಕಾವಲಿನಲ್ಲಿ ಇರುವವರು ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ ಅಂತ ಹಲವರು ಕೇಳಿದರು. ಬೇರೆ ಉತ್ಸವಗಳು ಹಿಂದೆ ಸರಿದವು. ನಿರ್ದೇಶಕಿಗೆ ಅನ್ಯಾಯ ಆಯಿತು ಅಂತ ಹೇಳಿದವರೂ ಕಡಿಮೆ ಇರಲಿಲ್ಲ. ಈ ಪ್ರಶ್ನೆಗಳನ್ನು ಆಯ್ಕೆಯ ಹಂತದಲ್ಲೇ ಕೂತು ಕೇಳಿದ್ದರೆ ಬೀದಿ ಜಗಳ ಆಗುವುದು ತಪ್ಪುತ್ತಿತ್ತು.

ಕೊನೇ ಸಾಲಿನ ಪ್ರೇಕ್ಷಕ

ಸರಿ, ಇನ್ನೊಂದು ಕೇಳ್ತೀನಿ. ತೋರಿಸಿದ್ದು ನಿಜಾನಾ ಅಂತ ಜ್ಯೂರಿಗೆ ಹೇಗೆ ಗೊತ್ತಾಗುತ್ತೆ?

ಹಕ್ಕುಗಳ ವಕೀಲೆ

ಗೊತ್ತಾಗುವುದಿಲ್ಲ. ಜರ್ಮನಿಯ 'ಲವ್‌ಮೊಬಿಲ್' ಇದಕ್ಕೆ ಒಳ್ಳೆಯ ಪಾಠ. ರಸ್ತೆ ಬದಿಯ ವ್ಯಾನುಗಳಲ್ಲಿ ಲೈಂಗಿಕ ಕೆಲಸ ಮಾಡುವ ಹೆಂಗಸರ ಬಗ್ಗೆ 2019ರಲ್ಲಿ ಬಂದ ಚಿತ್ರ. ಜರ್ಮನ್ ಸಾಕ್ಷ್ಯಚಿತ್ರ ಪ್ರಶಸ್ತಿ ಗೆದ್ದಿತು. 2021ರಲ್ಲಿ ಪತ್ರಕರ್ತರು ಅಗೆದು ನೋಡಿದಾಗ ಮುಖ್ಯ ಪಾತ್ರಗಳಲ್ಲಿ ಕೆಲವರು ನಟಿಸಿದ್ದರು, ದೃಶ್ಯಗಳನ್ನು ಹೇಳಿ ಮಾಡಿಸಿದ್ದರು ಅಂತ ಹೊರಬಂತು. ಅದು ಗೊತ್ತಾಗುವ ಹಾಗೆ ಚಿತ್ರದಲ್ಲಿ ಏನೂ ಇರಲಿಲ್ಲ. ಕೊನೆಗೆ ನಿರ್ದೇಶಕಿ ಪ್ರಶಸ್ತಿ ಹಿಂದಿರುಗಿಸಿದರು. ಜ್ಯೂರಿಯನ್ನು ದೂರುವ ಹಾಗಿಲ್ಲ, ಕೆಲವೇ ದಿನಗಳಲ್ಲಿ ತನಿಖೆ ಮಾಡುವುದು ಅವರ ಕೆಲಸವೂ ಅಲ್ಲ. ಆದರೆ ಯಾವುದನ್ನು ಮರುಸೃಷ್ಟಿ ಮಾಡಿದ್ದೀರಿ ಅಂತ ಪ್ರವೇಶ ಅರ್ಜಿಯಲ್ಲೇ ಬರೆಸಿಕೊಳ್ಳಬಹುದು. ಆಗ ಸುಳ್ಳು ಹೇಳಿದರೆ ಪ್ರಶಸ್ತಿ ವಾಪಸ್ ಪಡೆಯಲು ಒಂದು ಆಧಾರ ಇರುತ್ತದೆ.

ಎಡಿಟಿಂಗ್ ಟೇಬಲ್

ಮರುಸೃಷ್ಟಿಯೇ ತಪ್ಪು ಅಂತ ಆಗಬಾರದು, ಅಷ್ಟು ಹೇಳಿಬಿಡುತ್ತೇನೆ. 1988ರ 'ದಿ ಥಿನ್ ಬ್ಲೂ ಲೈನ್' ಕೊಲೆಯ ದೃಶ್ಯವನ್ನು ಮತ್ತೆ ಮತ್ತೆ ನಟಿಸಿ ತೋರಿಸುತ್ತದೆ, ಯಾರ ಸಾಕ್ಷ್ಯ ಎಲ್ಲಿ ಹೊಂದುವುದಿಲ್ಲ ಅಂತ ಕಾಣಲಿ ಅಂತ. ಮಾಡದ ಕೊಲೆಗೆ ಜೈಲಿನಲ್ಲಿದ್ದ ರಾಂಡಲ್ ಡೇಲ್ ಆಡಮ್ಸ್ 1989ರಲ್ಲಿ ಹೊರಬಂದರು. ಆಸ್ಕರ್‌ನವರು ಆ ಚಿತ್ರವನ್ನು ನಾಮನಿರ್ದೇಶನ ಕೂಡ ಮಾಡಲಿಲ್ಲ.

ಕ್ಯಾಮೆರಾ ಮುಂದೆ ಕೂತವಳು

ಅದೇ ಆಡಮ್ಸ್ ಹೊರಬಂದ ಮೇಲೆ ತಮ್ಮ ಕಥೆಯ ಹಕ್ಕು ತಮಗೆ ಬೇಕು ಅಂತ ನಿರ್ದೇಶಕರ ವಿರುದ್ಧ ಕಾನೂನಿನ ಮೊರೆ ಹೋಗಬೇಕಾಯಿತು. ಅದನ್ನೂ ಸೇರಿಸಿ ಹೇಳಿ.

ಎಡಿಟಿಂಗ್ ಟೇಬಲ್

ಹೌದು. ಅದು ನಿಜ.

ಆಯ್ಕೆ ಸಮಿತಿಯವಳು

ಜ್ಯೂರಿ ಸಭೆ ನಡೆಸುವ ಬಗ್ಗೆ ಯಾರೂ ಹೇಳಿಲ್ಲ, ನಾನೇ ಹೇಳುತ್ತೇನೆ. ಅಂಕ ಹಾಕಿ ಕೂಡಿಸುವ ಪದ್ಧತಿ ನಿಮ್ಮಲ್ಲಿದ್ದರೆ ಬಿಡಿಸಿ. 1995ರಲ್ಲಿ 'ಹೂಪ್ ಡ್ರೀಮ್ಸ್' ಅನ್ನುವ ಸಾಕ್ಷ್ಯಚಿತ್ರ ಆಸ್ಕರ್ ನಾಮನಿರ್ದೇಶನದಿಂದ ಹೊರಗುಳಿದಾಗ ದೊಡ್ಡ ಗದ್ದಲ ಆಯಿತು. ಅಕಾಡೆಮಿಯವರು ಅಂಕಪಟ್ಟಿ ತರಿಸಿ ನೋಡಿದರು. ಕೆಲವೇ ಸದಸ್ಯರು ತಮಗೆ ಬೇಕಾದ ಐದು ಚಿತ್ರಗಳಿಗೆ ಹತ್ತಕ್ಕೆ ಹತ್ತು ಕೊಟ್ಟು, ಉಳಿದವಕ್ಕೆಲ್ಲ ತೀರಾ ಕಡಿಮೆ ಕೊಟ್ಟಿದ್ದರು. ಅಷ್ಟರಿಂದಲೇ ಲೆಕ್ಕ ತಲೆಕೆಳಗಾಗಿತ್ತು. ಐದು ಜನರ ಜ್ಯೂರಿಯಲ್ಲಿ ಒಬ್ಬರು ಹಾಗೆ ಮಾಡಿದರೂ ಸಾಕು.

ಅಂಕ ಇಲ್ಲದೆ ಮಾತಾಡಿ ತೀರ್ಮಾನಿಸುವುದಕ್ಕೂ ಅದರದ್ದೇ ತಾಪತ್ರಯ ಇದೆ. ಜೋರು ದನಿಯವರು ಗೆಲ್ಲುತ್ತಾರೆ. ಇಲ್ಲಾಂದರೆ ಯಾರಿಗೂ ಮೊದಲ ಆಯ್ಕೆ ಅಲ್ಲದ, ಯಾರಿಗೂ ಸಿಟ್ಟು ಬರಿಸದ ಚಿತ್ರ ಗೆಲ್ಲುತ್ತದೆ. ನಾನು ನೋಡಿದ ಮಟ್ಟಿಗೆ ಇದೇ ಹೆಚ್ಚು. ಅಧ್ಯಕ್ಷರು ಕೊನೆಗೆ ಮಾತಾಡಲಿ. ಮೊದಲ ಸಲ ಬಂದವರು ಮೊದಲು ಮಾತಾಡಲಿ, ಅಂದರೆ ನೀವೇ. ನಿರ್ದೇಶಕರು ಗೊತ್ತಿರುವವರಾದರೆ ಶುರುವಿನಲ್ಲೇ ಹೇಳಿ ಆ ಚಿತ್ರದ ಚರ್ಚೆಯಿಂದ ಎದ್ದು ಹೋಗಿ. ಸಾಕ್ಷ್ಯಚಿತ್ರದ ಲೋಕ ಚಿಕ್ಕದು, ಇದು ಆಗೇ ಆಗುತ್ತದೆ. ಹಾಗೇ, ಸ್ಪೆಷಲ್ ಮೆನ್ಷನ್ ಅನ್ನು ಮದುವೆ ಮನೆಯ ತಾಂಬೂಲದ ಹಾಗೆ ಎಲ್ಲರಿಗೂ ಹಂಚಬೇಡಿ. ಒಂದು ಕೊಟ್ಟರೆ ಬೆಲೆ, ನಾಲ್ಕು ಕೊಟ್ಟರೆ ಸಮಾಧಾನದ ಬಹುಮಾನ.

ಸಾಧ್ಯವಾದರೆ ಎಲ್ಲ ಚಿತ್ರಗಳನ್ನೂ ಹಾಲ್‌ನಲ್ಲೇ ನೋಡಿ. ಅರ್ಧವನ್ನು ಲ್ಯಾಪ್‌ಟಾಪ್‌ನಲ್ಲಿ ನೋಡಿ ಅರ್ಧವನ್ನು ಜನರ ಜೊತೆ ನೋಡಿದರೆ ಹೋಲಿಕೆಯೇ ಸರಿಯಾಗಲ್ಲ.

ಕೊನೇ ಸಾಲಿನ ಪ್ರೇಕ್ಷಕ

ಅದಕ್ಕೇ ನನಗೆ ಪ್ರೇಕ್ಷಕರ ಪ್ರಶಸ್ತಿ ಮೇಲೇ ನಂಬಿಕೆ ಜಾಸ್ತಿ. ಚೀಟಿ ಹರಿದು ಡಬ್ಬಿಗೆ ಹಾಕಿ ಬಂದರೆ ಆಯಿತು.

ಆಯ್ಕೆ ಸಮಿತಿಯವಳು

ನಿರ್ದೇಶಕರ ನೆಂಟರು, ಗೆಳೆಯರು ಹಾಲ್ ತುಂಬಿಕೊಂಡ ದಿನ ಆ ಚೀಟಿಗಳನ್ನು ಎಣಿಸಿ ನೋಡಿ ಸರ್. ಸರಾಸರಿ ಹಾಕಿದರೂ ಚಿಕ್ಕ ಹಾಲ್‌ನ ಚಿತ್ರಕ್ಕೆ ಲಾಭ. ಆದರೂ ಇರಲಿ, ಎರಡೂ ಇರಬೇಕು.

ಹಕ್ಕುಗಳ ವಕೀಲೆ

ಜ್ಯೂರಿಯ ಮುಂದೆ ಬರದ ಚಿತ್ರಗಳ ಬಗ್ಗೆಯೂ ಒಂದು ಮಾತು. 2004ರ ಮುಂಬೈ ಅಂತರರಾಷ್ಟ್ರೀಯ ಉತ್ಸವಕ್ಕೆ ಭಾರತದ ಚಿತ್ರಗಳು ಸೆನ್ಸಾರ್ ಪ್ರಮಾಣಪತ್ರ ತರಬೇಕು ಅನ್ನುವ ನಿಯಮ ಬಂದಾಗ ಚಿತ್ರ ಮಾಡುವವರು ಒಟ್ಟಾಗಿ ಪ್ರತಿಭಟಿಸಿದರು. ಅದರಿಂದಲೇ 'ವಿಕಲ್ಪ' ಹುಟ್ಟಿ, ಅದೇ ಸಮಯದಲ್ಲಿ ಪರ್ಯಾಯ ಪ್ರದರ್ಶನ ನಡೆಸಿತು. ಜ್ಯೂರಿ ಎಷ್ಟೇ ಪ್ರಾಮಾಣಿಕವಾಗಿರಲಿ, ಬಾಗಿಲ ಹೊರಗೆ ನಿಂತ ಚಿತ್ರಕ್ಕೆ ಪ್ರಶಸ್ತಿ ಕೊಡಲು ಆಗಲ್ಲ. ನಿಮ್ಮ ಟಿಪ್ಪಣಿಯಲ್ಲಿ ಅದನ್ನು ಬರೆಯಲು ಅವಕಾಶ ಇದ್ದರೆ ಬರೆಯಿರಿ.

ಮೊದಲ ಸಲ ಜ್ಯೂರಿ

ಸಂಘಟಕರ ಉತ್ತರ ಬಂತು. ಚಿತ್ರದಲ್ಲಿ ಇರುವವರು ಪೂರ್ತಿ ಚಿತ್ರ ನೋಡಿದ್ದಾರಾ ಅಂತ ಅವರು ಇದುವರೆಗೆ ಕೇಳಿದ್ದೇ ಇಲ್ಲವಂತೆ. ಈಗ ಎಲ್ಲ ನಿರ್ದೇಶಕರಿಗೂ ಬರೆದು ಕೇಳುತ್ತಾರೆ, ಉತ್ತರ ಜ್ಯೂರಿಗೆ ಕೊಡುತ್ತಾರೆ. ಬಹುಮಾನದ ಹಣದಲ್ಲಿ ಅವರಿಗೂ ಪಾಲು ಇರಬೇಕಾ ಅಂತ ಕೇಳಿದ್ದೆ. ಅದಕ್ಕೆ ಉತ್ತರವೇ ಇಲ್ಲ. ನನ್ನ ಜೊತೆಯ ವಕೀಲರಿಗೆ ಈ ಪ್ರಶ್ನೆ ಹಿಡಿಸಿತು. ಇಬ್ಬರು ನಿರ್ದೇಶಕರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಎಡಿಟಿಂಗ್ ಟೇಬಲ್

ಅವರ ಅಳುಕು ನನಗೆ ಅರ್ಥ ಆಗುತ್ತದೆ. ಹಿಂಸೆ ಮಾಡಿದ ಅಧಿಕಾರಿಯೂ ಚಿತ್ರದಲ್ಲಿ ಇರುತ್ತಾನೆ. ಅವನಿಗೂ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕಾ? ಹಾಗೆ ಮಾಡಿದರೆ ಅರ್ಧ ಚಿತ್ರಗಳು ಹೊರಗೇ ಬರಲ್ಲ. ಜೈಲಿನಲ್ಲಿ ಇರುವವರಿಗೆ, ತೀರಿಕೊಂಡವರಿಗೆ ತೋರಿಸುವುದು ಹೇಗೆ? ಕೇಳುವುದಾದರೆ ಪಟ್ಟಿಗೆ ಸೇರಿಸುವ ಹಂತದಲ್ಲೇ ಕೇಳಿ. ಜ್ಯೂರಿ ಅದನ್ನು ತೂಕಕ್ಕೆ ಹಾಕುವುದು ಬೇಡ.

ಕ್ಯಾಮೆರಾ ಮುಂದೆ ಕೂತವಳು

ಅಧಿಕಾರಿಗೆ ತೋರಿಸಿ ಅಂತ ಯಾರು ಕೇಳಿದರು? ಅವನಿಗೆ ವಕೀಲರಿದ್ದಾರೆ, ಇಲಾಖೆ ಇದೆ. ನಾನು ಹೇಳಿದ್ದು ತಮಗೆ ಆದದ್ದನ್ನು ಹೇಳಿಕೊಳ್ಳಲು ಕೂತವರ ಬಗ್ಗೆ. ಒಪ್ಪಿಗೆ ಅಂತಲೂ ಹೇಳಲಿಲ್ಲ, ನೋಡಿದ್ದಾರಾ ಅಂದೆ. ನೋಡಿ ಬೇಜಾರಾದರೆ ಅದನ್ನೂ ಬರೆಯಲಿ, ಚಿತ್ರ ಬದಲಾಯಿಸಲೇಬೇಕು ಅಂತಿಲ್ಲ. ಪಟ್ಟಿಗೆ ಸೇರಿಸುವಾಗಲೇ ಕೇಳಿ ಅಂದಿರಲ್ಲ, ಅದು ನನಗೂ ಒಪ್ಪಿಗೆ. ಆದರೆ ಉತ್ತರ ಜ್ಯೂರಿಯ ಮೇಜಿನ ಮೇಲೂ ಇರಲಿ.

ಮೊದಲ ಸಲ ಜ್ಯೂರಿ

ಈ ವಾರ ಸಭೆ ಇದೆ. ಆ ಕುರ್ಚಿಯ ಚಿತ್ರದ ನಿರ್ದೇಶಕರ ಉತ್ತರ ಆಗಲೇ ಬಂದಿದೆ. ಮಾತಾಡಿದವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಚಿತ್ರ ನೋಡಿದ್ದಾರೆ, ಒಬ್ಬರು ಕೇಳಿದ ಮೇಲೆ ಒಂದು ಭಾಗ ತೆಗೆದಿದ್ದಾರಂತೆ. ಪಿಟೀಲಿನ ಬಗ್ಗೆ ಏನೂ ಬರೆದಿಲ್ಲ. ಮನೆಯ ಚಿತ್ರದವರ ಉತ್ತರ ಇನ್ನೂ ಬರಬೇಕು.